ಕುಲದ ಮನೆಯಿಂದ ಮಹಾಮನೆಗೆ: ಶ್ರೀ ಬಸವೇಶ್ವರರ ಚರಿತ್ರೆ

ಲೋಕದಲ್ಲಿ ಉಚ್ಚನೀಚ ಭೇದಗಳು ಬೀದಿಯಲ್ಲಿ ಕಾಣಿಸಿಕೊಳ್ಳುವುವಾದರೂ ಅವು ಹುಟ್ಟಿ ಬೆಳೆಯುವುದು ಮನೆಯಲ್ಲಿ. ಮಗುವು ತೊಟ್ಟಿಲಿನಲ್ಲಿರುವಾಗಲೇ ಅದರ ಕಿವಿಗೆ ಬೀಳುವ ಮಾತು, ನಡೆಯಲಾರಂಭಿಸಿದಾಗ ದಾಟಬಾರದೆಂದು ಹಿರಿಯರು ತೋರಿಸುವ ಹೊಸ್ತಿಲು, ಯಾರ ಕೈಯ ನೀರನ್ನು ಕುಡಿಯಬೇಕು, ಯಾರದನ್ನು ಕುಡಿಯಬಾರದು ಎಂಬ ಕಟ್ಟಳೆ, ತಂದೆಯು ಕೈಹಿಡಿದು ಕಲಿಸುವ ಕಸಬು, ತಾಯಿಯು ಹುಡುಕಿ ತರುವ ಸಂಬಂಧ, ಇವೆಲ್ಲವೂ ಕೂಡಿ ಮುಂದೆ ಅಂತಸ್ತೆಂಬ ಹೆಸರನ್ನು ಪಡೆಯುವುವು. ಅರಸನ ಕಟ್ಟಳೆಯು ಈ ಭೇದವನ್ನು ಹೊರಗಿನಿಂದ ಕಾಯಬಹುದು. ಆದರೆ ಅದಕ್ಕೆ ದಿನದಿನವೂ ನೀರೆರೆದು ಬೆಳೆಸುವುದು ಮನೆತನದ ಆಚಾರವೇ ಸರಿ.

ಈ ತತ್ತ್ವವನ್ನು ಶ್ರೀ ಬಸವೇಶ್ವರರಷ್ಟು ಸ್ಪಷ್ಟವಾಗಿ ಕಂಡುಕೊಂಡವರು ನಮ್ಮ ನಾಡಿನಲ್ಲಿ ವಿರಳ. ಸಂಸ್ಕಾರ, ಕಸಬು, ಪಂಕ್ತಿ, ವಿವಾಹ ಎಂಬ ನಾಲ್ಕು ಹೊಸ್ತಿಲುಗಳಲ್ಲಿ ಕುಲವು ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ. ಅವರ ಚರಿತ್ರೆಯನ್ನು ಆದ್ಯಂತವಾಗಿ ಅವಲೋಕಿಸಿದರೆ, ಬಾಲ್ಯದಿಂದ ಲಿಂಗೈಕ್ಯದವರೆಗೆ ಅವರು ಈ ನಾಲ್ಕು ಹೊಸ್ತಿಲುಗಳನ್ನು ಒಂದಾದಮೇಲೊಂದರಂತೆ ದಾಟಿದುದು ಕಂಡುಬರುವುದು. ವಿಶೇಷವೇನೆಂದರೆ, ಅವರು ಮನೆಯನ್ನು ತೊರೆದು ಅರಣ್ಯವನ್ನು ಸೇರಲಿಲ್ಲ. ಕುಲದ ಮನೆಯಿಂದ ಹೊರಟು ಮತ್ತೊಂದು ಮನೆಯನ್ನು ಕಟ್ಟಿದರು. ಮನೆಯು ಮಾಡಿದುದನ್ನು ಮನೆಯೇ ಬಿಡಿಸಬೇಕೆಂಬುದು ಅವರ ಬಾಳಿನ ಸಾರ. ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ ಆ ಪುಣ್ಯಚರಿತ್ರೆಯನ್ನು ಈ ದೃಷ್ಟಿಯಿಂದ ಸ್ಮರಿಸುವುದು ಉಚಿತವಾಗಿದೆ.

ಬಾಗೆವಾಡಿಯ ಅಗ್ರಹಾರ

ಬಿಜಾಪುರ ಸೀಮೆಯ ಬಾಗೆವಾಡಿಯು 12ನೆಯ ಶತಮಾನದಲ್ಲಿ ತರ್ದವಾಡಿ ನಾಡಿಗೆ ಸೇರಿದ ಅಗ್ರಹಾರವಾಗಿದ್ದಿತು. ಈಗ ಆ ಊರು ಬಸವನ ಬಾಗೇವಾಡಿಯೆಂದು ಅವರ ಹೆಸರನ್ನೇ ಹೊತ್ತಿರುವುದು. ತಂದೆ ಮಾದರಸರು, ತಾಯಿ ಮಾದಲಾಂಬಿಕೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೊರೆತ 1260ರ ಶಿಲಾಶಾಸನವು ಬಾಗೆವಾಡಿಯನ್ನೂ, ಮಾದಿರಾಜನೆಂಬ ತಂದೆಯ ಹೆಸರನ್ನೂ, ಸಂಗನಬಸವನೆಂಬ ಮಗನ ಹೆಸರನ್ನೂ ಹೇಳುವುದರಿಂದ ಪುರಾಣಗಳ ಮಾತಿಗೆ ಕಲ್ಲಿನ ಸಾಕ್ಷಿಯೂ ದೊರೆತಂತಾಗಿದೆ. ಅವರ ಜನನವು 1131ರ ಸುಮಾರಿಗೆ ಆಯಿತೆಂದು ಎಣಿಸುವುದು ರೂಢಿ. ಅದಕ್ಕಿಂತ ಕೆಲವು ವರ್ಷಗಳ ಮೊದಲೇ ಎಂದು ಹೇಳುವ ವಿದ್ವಾಂಸರೂ ಉಂಟು.

ಅಗ್ರಹಾರವೆಂದರೇನೆಂಬುದನ್ನು ತಿಳಿಯದೆ ಆ ಬಾಲಕನ ಸಾಹಸವು ಮನಸ್ಸಿಗೆ ಹತ್ತಲಾರದು. ಅರಸರು ವೇದವಿದರಾದ ಬ್ರಾಹ್ಮಣರಿಗೆ ಗ್ರಾಮಗಳನ್ನು ದಾನವಾಗಿ ಕೊಡುತ್ತಿದ್ದರು. ಆ ಗ್ರಾಮದ ಭೂಮಿಯು ವೃತ್ತಿಗಳೆಂಬ ಪಾಲುಗಳಾಗಿ ಮನೆಮನೆಗೆ ಹಂಚಲ್ಪಡುತ್ತಿದ್ದಿತು. ಮಹಾಜನರೆನಿಸಿಕೊಂಡ ಆ ಗೃಹಸ್ಥರು ಕೂಡಿ ಊರಿನ ಆಡಳಿತವನ್ನು ನಡೆಸುತ್ತಿದ್ದರು. ತಂದೆಯ ವೃತ್ತಿಯು ಮಗನಿಗೆ, ಮಗನದು ಮೊಮ್ಮಗನಿಗೆ ಸಲ್ಲುತ್ತಿದ್ದಿತು. ಹೀಗೆ ವಿದ್ಯೆಯು ಭೂಮಿಯನ್ನು ತಂದಿತು, ಭೂಮಿಯು ಬಿಡುವನ್ನು ಕೊಟ್ಟಿತು, ಬಿಡುವು ಮತ್ತೆ ವಿದ್ಯೆಯನ್ನು ಬೆಳೆಸಿತು. ಈ ಚಕ್ರವು ಮನೆಯ ಗೋಡೆಗಳೊಳಗೇ ತಿರುಗುತ್ತಿದ್ದಿತು. ಅಗ್ರಹಾರದ ಹೊಲವನ್ನು ಉತ್ತವನ ಮಗನಿಗೂ, ಚರ್ಮವನ್ನು ಹದಮಾಡಿದವನ ಮಗನಿಗೂ ಅದರೊಳಗೆ ಪ್ರವೇಶವಿರಲಿಲ್ಲ. ಈ ಚಕ್ರದ ಒಳಕ್ಕೆ ಬಾಲಕನನ್ನು ಸೇರಿಸುವ ಬಾಗಿಲೇ ಉಪನಯನವು. ಯಜ್ಞೋಪವೀತವು ನೋಡಲು ಒಂದು ಎಳೆಯಾದರೂ, ಅಧ್ಯಯನದ ಅಧಿಕಾರ, ಪಂಕ್ತಿಯ ಮರ್ಯಾದೆ, ಮಹಾಜನರ ನಡುವಿನ ಸ್ಥಾನ, ಇವೆಲ್ಲವೂ ಆ ಎಳೆಗೆ ಕಟ್ಟಲ್ಪಟ್ಟಿದ್ದುವು.

ಈ ಬಾಗಿಲಿನ ಮುಂದೆ ಬಸವಣ್ಣನವರು ಏನು ಮಾಡಿದರೆಂಬುದನ್ನು ಚರಿತ್ರಕಾರರು ಎರಡು ವಿಧವಾಗಿ ಹೇಳಿರುವರು. ಹರಿಹರ ಮಹಾಕವಿಯು ತನ್ನ ಬಸವರಾಜದೇವರ ರಗಳೆಯಲ್ಲಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಬಸವಣ್ಣನವರು ಅಜ್ಜಿಯ ಆಶ್ರಯದಲ್ಲಿ ಬೆಳೆದು, ಉಪನಯನವಾದ ಮೇಲೆ ಪ್ರಾಯಕ್ಕೆ ಬಂದಾಗ, ಶಿವಭಕ್ತಿಗೂ ಕರ್ಮಕ್ಕೂ ಹೊಂದಿಕೆಯಾಗದೆಂದು ಜನಿವಾರವನ್ನು ತ್ಯಜಿಸಿ ಊರನ್ನು ಬಿಟ್ಟರೆಂದು ವರ್ಣಿಸಿರುವನು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ, ಅದನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣವೂ, ಎಂಟನೆಯ ವಯಸ್ಸಿನಲ್ಲಿಯೇ ಬಾಲಕನು ಉಪನಯನವನ್ನು ಒಲ್ಲೆನೆಂದನೆಂದು ಹೇಳುತ್ತವೆ. ಅಕ್ಕ ನಾಗಮ್ಮನಿಗೆ ಇಲ್ಲದ ಸಂಸ್ಕಾರವು ತನಗೇಕೆಂದು ಅವರು ಕೇಳಿದರೆಂಬ ಕಥೆಯು ಜನಜನಿತವಾಗಿದೆ. ವಿವರದಲ್ಲಿ ಭೇದವಿದ್ದರೂ ತಾತ್ಪರ್ಯವು ಒಂದೇ. ಹುಟ್ಟಿನಿಂದ ಬಂದ ಹಿರಿಮೆಯನ್ನು, ಅದು ಕೈಯಲ್ಲಿರುವಾಗಲೇ, ಅವರು ಕೆಳಗಿಟ್ಟರು. ಇಲ್ಲದವನು ಬೇಡವೆನ್ನುವುದು ಸುಲಭ. ಉಳ್ಳವನು ಬೇಡವೆಂದು ಹೊರಡುವುದು ಕಠಿಣ. ಇದು ಮೊದಲನೆಯ ಹೊಸ್ತಿಲು.

ಕೂಡಲಸಂಗಮದ ದೀಕ್ಷೆ

ಬಾಗೆವಾಡಿಯನ್ನು ಬಿಟ್ಟ ಬಸವಣ್ಣನವರು ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಸಂಗಮಕ್ಷೇತ್ರವನ್ನು ಸೇರಿದರು. ಅಲ್ಲಿಯ ಸ್ಥಾನಪತಿಗಳಾದ ಈಶಾನ್ಯ ಗುರುಗಳು ಅವರನ್ನು ಆದರಿಸಿ ಇರಿಸಿಕೊಂಡರು. ಪತ್ರಪುಷ್ಪಗಳನ್ನು ತರುವುದು, ಹೊಳೆಯಿಂದ ಅಗ್ಘವಣಿಯನ್ನು ಹೊರುವುದು, ಸಂಗಮನಾಥನ ಸೇವೆಯನ್ನು ಮಾಡುವುದು, ಶಾಸ್ತ್ರಗಳನ್ನು ಕೇಳುವುದು, ಹೀಗೆ ಅವರ ಯೌವನದ ವರ್ಷಗಳು ಅಲ್ಲಿ ಕಳೆದುವು. ಅವರ ವಚನಗಳ ಅಂಕಿತವಾದ ಕೂಡಲಸಂಗಮದೇವ ಎಂಬ ನಾಮವು ಆ ಕ್ಷೇತ್ರದ ಋಣವನ್ನು ಇಂದಿಗೂ ಸಾರುತ್ತಿದೆ. ಕುಲದ ಮನೆಯಿಂದ ಹೊರಬಂದವನಿಗೆ ಗುರುವಿನ ಮನೆಯು ಎರಡನೆಯ ತಾಯಿಮನೆಯಾಯಿತು.

ಅಲ್ಲಿ ಪಕ್ವವಾದ ಭಕ್ತಿಯು ಮುಂದೆ ಇಷ್ಟಲಿಂಗೋಪಾಸನೆಯ ರೂಪದಲ್ಲಿ ಜನಸಾಮಾನ್ಯರೆಲ್ಲರಿಗೂ ದೊರೆಯಿತು. ಉಪನಯನಕ್ಕೂ ಲಿಂಗದೀಕ್ಷೆಗೂ ಇರುವ ಅಂತರವನ್ನು ಇಲ್ಲಿ ಗಮನಿಸತಕ್ಕದ್ದು. ಉಪನಯನಕ್ಕೆ ಇಂಥ ಮನೆಯಲ್ಲಿ ಹುಟ್ಟಿರಬೇಕು, ಗಂಡಾಗಿ ಹುಟ್ಟಿರಬೇಕು. ಲಿಂಗದೀಕ್ಷೆಗೆ ಬೇಕಾದುದು ಗುರುವಿನ ಕರುಣೆ ಮತ್ತು ಶಿಷ್ಯನ ಭಕ್ತಿ. ಅಗಸನ ಕೈಗೂ ಅಂಬಿಗನ ಕೈಗೂ ಹೆಣ್ಣಿನ ಕೈಗೂ ಲಿಂಗವು ಸಮಾನವಾಗಿ ಬಂದಿತು. ಗಂಡನ ಪೂಜೆಯ ಫಲದಲ್ಲಿ ಪಾಲುಗೊಳ್ಳುತ್ತಿದ್ದ ಹೆಂಡತಿಯು ತನ್ನ ಕರಸ್ಥಲದ ಲಿಂಗವನ್ನು ತಾನೇ ಪೂಜಿಸತೊಡಗಿದಳು. ಕೆಲವರ ಮನೆಗೆ ಮಾತ್ರ ಸಲ್ಲುತ್ತಿದ್ದ ಸಂಸ್ಕಾರವು ಎಲ್ಲರ ಮನೆಗೂ ಬಂದುದರಿಂದ, ಸಂಸ್ಕಾರವಂತರು ಯಾರು, ಸಂಸ್ಕಾರಹೀನರು ಯಾರು ಎಂಬ ಹಳೆಯ ಎಣಿಕೆಯೇ ಬದಲಾಯಿತು.

ಮಂಗಳವಾಡದ ಕರಣಿಕ

ಸಂಗಮನಾಥನು ಸ್ವಪ್ನದಲ್ಲಿ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆಮಾಡಿದನೆಂದೂ, ಬಸವಣ್ಣನವರು ಕ್ಷೇತ್ರವನ್ನು ಅಗಲಲಾರದೆ ದುಃಖಿಸಿದರೆಂದೂ ಹರಿಹರನು ಹೇಳಿರುವನು. ದೇವಾಲಯದ ಏಕಾಂತದಿಂದ ಸಂಸಾರದ ಸಂತೆಗೆ ಮರಳಿ ಬಾ ಎಂಬ ಈ ಅಪ್ಪಣೆಯಲ್ಲಿ ಅವರ ಮುಂದಿನ ಬಾಳಿನ ಬೀಜವಿದೆ. ಮಂಗಳವಾಡವು ಕಲಚುರ್ಯ ವಂಶದ ಬಿಜ್ಜಳನ ಪಟ್ಟಣವಾಗಿದ್ದಿತು. ಅದು ಈಗ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿದೆ. ಅಲ್ಲಿಯ ಕರಣಿಕರ ಚಾವಡಿಯಲ್ಲಿ ಲೆಕ್ಕದ ತಪ್ಪೊಂದನ್ನು ತೋರಿಸಿಕೊಟ್ಟು ಅಧಿಕಾರಿಯ ಮೆಚ್ಚಿಕೆಗೆ ಪಾತ್ರರಾಗಿ, ಕರಣಿಕರ ಕೆಲಸದಿಂದ ಆರಂಭಿಸಿ, ಕ್ರಮೇಣ ಬಿಜ್ಜಳನ ಭಂಡಾರದ ಮೇಲಧಿಕಾರಿಯಾಗುವವರೆಗೆ ಅವರು ಏರಿದರು. ಬಿಜ್ಜಳನು ಚಾಲುಕ್ಯರಿಂದ ಕಲ್ಯಾಣದ ಪ್ರಭುತ್ವವನ್ನು ವಶಪಡಿಸಿಕೊಂಡ ಮೇಲೆ ಬಸವಣ್ಣನವರೂ ಕಲ್ಯಾಣಕ್ಕೆ ಬಂದು ನೆಲಸಿದರು.

ಇಲ್ಲಿ ಒಂದು ಸಂಗತಿಯನ್ನು ಮರೆಯಲಾಗದು. ಓದುಬರಹವೂ ಲೆಕ್ಕಪತ್ರವೂ ಅವರಿಗೆ ಒದಗಿದುದು ಅಗ್ರಹಾರದ ಮನೆಯಲ್ಲಿ ಹುಟ್ಟಿದುದರಿಂದಲೇ. ಅದೇ ಬುದ್ಧಿಯುಳ್ಳ ಕಮ್ಮಾರನ ಮಗನಿಗೆ ಅಕ್ಷರವೇ ದೊರೆಯುತ್ತಿರಲಿಲ್ಲ. ದೊರೆಯದ ಮೇಲೆ ಕರಣಿಕರ ಚಾವಡಿಯ ಹೊಸ್ತಿಲನ್ನು ಅವನು ಹೇಗೆ ದಾಟಬೇಕು? ಮನೆತನವು ಮನುಷ್ಯನನ್ನು ಮೇಲೆತ್ತುವ ರೀತಿಯೇ ಇದು: ಅದು ಕೊಡುವ ಕೈಯು ಕಾಣದು, ಪಡೆದವನು ಎಲ್ಲವೂ ತನ್ನ ಯೋಗ್ಯತೆಯಿಂದಲೇ ಬಂದಿತೆಂದು ತಿಳಿಯುವನು. ಬಸವಣ್ಣನವರು ಹಾಗೆ ತಿಳಿಯಲಿಲ್ಲ. ಮನೆಯಿಂದ ಬಂದ ಅಕ್ಷರವನ್ನು ಅವರು ಮನೆಯಿಲ್ಲದವರಿಗೆ ಹಂಚಿದರು. ಅವರ ಬಳಿಗೆ ಬಂದ ದುಡಿಯುವ ಜನರು ಒಬ್ಬೊಬ್ಬರಾಗಿ ವಚನಕಾರರಾದುದು ಆ ಹಂಚಿಕೆಯ ಫಲವು.

ಕಾಯಕದ ಗೌರವ

ಎರಡನೆಯ ಹೊಸ್ತಿಲು ಕಸಬಿನದು. ಕಸಬು ತಂದೆಯಿಂದ ಮಗನಿಗೆ ಬರುವುದು, ಅದರೊಡನೆ ಅದರ ಮಾನ ಅಥವಾ ಅವಮಾನವೂ ಬರುವುದು. ಮಗನು ಅಪ್ಪನ ಉಳಿಯನ್ನು ಹಿಡಿಯುವಾಗ ಅಪ್ಪನ ತಗ್ಗಿದ ತಲೆಯನ್ನೂ ಹೊತ್ತುಕೊಳ್ಳುವನು. ಈ ಗಂಟನ್ನು ಬಸವಣ್ಣನವರು ಬಿಡಿಸಿದ ಬಗೆಯು ಆಶ್ಚರ್ಯಕರವಾದುದು. ಎಲ್ಲರೂ ತಮ್ಮ ಕಸಬುಗಳನ್ನು ಬಿಟ್ಟು ಬೇರೆ ಉನ್ನತ ಕೆಲಸಗಳನ್ನು ಹಿಡಿಯಿರೆಂದು ಅವರು ಹೇಳಲಿಲ್ಲ. ಕಸಬನ್ನು ಕೈಯಲ್ಲಿಯೇ ಉಳಿಸಿ, ಅದಕ್ಕೆ ಅಂಟಿದ್ದ ಕೀಳ್ಮೆಯನ್ನು ತೊಳೆದರು. ಅದಕ್ಕೆ ಕಾಯಕವೆಂಬ ಹೆಸರು ಬಂದಿತು. ಕಾಯವನ್ನು ಸವೆಸಿ ಸತ್ಯಶುದ್ಧವಾಗಿ ಗಳಿಸಿದುದೆಲ್ಲವೂ ಶಿವಪೂಜೆಗೆ ಸಮಾನವಾದುದು. ದುಡಿಯದೆ ಉಣ್ಣುವವನು ಗುರುವಾಗಲಿ ಜಂಗಮನಾಗಲಿ ಋಣಿಯೇ. ಈ ನಿಯಮವು ನೆಲೆಗೊಂಡೊಡನೆ ಕೆಲಸಗಳ ನಡುವಿನ ಮೇಲುಕೀಳು ತಾನಾಗಿಯೇ ಕುಸಿಯಿತು.

ಶರಣರ ಹೆಸರುಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಮೇದರ ಕೇತಯ್ಯ, ತುರುಗಾಹಿ ರಾಮಣ್ಣ, ಡೋಹರ ಕಕ್ಕಯ್ಯ, ಕೊಟ್ಟಣದ ಸೋಮವ್ವ, ಇವರಲ್ಲಿ ಯಾರೂ ತಮ್ಮ ಕಸಬಿನ ಹೆಸರನ್ನು ಮರೆಮಾಡಲಿಲ್ಲ. ಬೀದಿಯಲ್ಲಿ ಬೈಗುಳವಾಗಿದ್ದ ಮಾತು ಅನುಭವಗೋಷ್ಠಿಯಲ್ಲಿ ಬಿರುದಾಯಿತು. ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹಮಾಡುತ್ತಿದ್ದನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನು, ಬೇಕಾದುದಕ್ಕಿಂತ ಹೆಚ್ಚು ತಂದುದು ಆಸೆಯೇ ಹೊರತು ಕಾಯಕವಾಗದೆಂದು ಅವನನ್ನು ತಿರುಗಿ ಕಳುಹಿಸಿದ ಕಥೆಯು ಪ್ರಸಿದ್ಧವಾಗಿದೆ. ಹಗ್ಗ ಹೊಸೆಯುವ ನುಲಿಯ ಚಂದಯ್ಯನು ಕಾಯಕಕ್ಕೆ ಲಿಂಗಪೂಜೆಯಷ್ಟೇ ಗೌರವವನ್ನು ಕೊಟ್ಟನು. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆಯನ್ನು ಹೊತ್ತನೆಂದು ಪರಂಪರೆಯು ಹೇಳುವುದು. ದೊಡ್ಡ ಮನೆಯವರು ಇಳಿದು ಬಂದರು, ಸಣ್ಣ ಮನೆಯವರು ಎದ್ದು ನಿಂತರು. ಇಬ್ಬರೂ ಒಂದೇ ನೆಲದ ಮೇಲೆ ಕೂಡಿದರು.

ಬಸವಣ್ಣನವರು ತಮ್ಮ ಅಧಿಕಾರವನ್ನೂ ಕಾಯಕವೆಂದೇ ಭಾವಿಸಿದರು. ಅರಸನ ಭಂಡಾರವನ್ನು ಜಂಗಮರಿಗೆ ಸೂರೆಮಾಡುತ್ತಿರುವರೆಂದು ಕೊಂಡೆಯರು ಬಿಜ್ಜಳನಿಗೆ ದೂರಿದಾಗ ಲೆಕ್ಕವನ್ನು ಪರಿಶೀಲಿಸಲಾಗಿ ಒಂದು ಹೊನ್ನೂ ಕಡಮೆಯಾಗಿರಲಿಲ್ಲವೆಂದು ಪುರಾಣಗಳು ಸಾರುತ್ತವೆ. ಕೋಟಿದ್ರವ್ಯದ ನಡುವೆ ಕುಳಿತವನು ಆಯ್ದಕ್ಕಿಯ ಮಾರಯ್ಯನಂತೆಯೇ ಇದ್ದನೆಂಬುದು ಈ ಕಥೆಯ ಹುರುಳು.

ಮಹಾಮನೆಯ ಪಂಕ್ತಿ

ಕಲ್ಯಾಣದಲ್ಲಿ ಬಸವಣ್ಣನವರ ಮನೆಗೆ ಮಹಾಮನೆಯೆಂಬ ಹೆಸರು ಬಂದಿತು. ಗೃಹಿಣಿಯರಾದ ಗಂಗಾಂಬಿಕೆ ನೀಲಾಂಬಿಕೆಯರು, ಅಕ್ಕ ನಾಗಮ್ಮ, ಆಕೆಯ ಮಗನಾದ ಜ್ಞಾನನಿಧಿ ಚೆನ್ನಬಸವಣ್ಣ, ಇವರೆಲ್ಲರೂ ಆ ಮನೆಯ ಕಂಬಗಳಾದರು. ಬಂದ ಜಂಗಮರಿಗೂ ಭಕ್ತರಿಗೂ ಅಲ್ಲಿ ದಾಸೋಹವು ನಡೆಯುತ್ತಿದ್ದಿತು. ಪುರಾಣಗಳು ಜಂಗಮರ ಸಂಖ್ಯೆಯನ್ನು ಲಕ್ಷಕ್ಕೂ ಮಿಗಿಲಾಗಿ ವರ್ಣಿಸುವುದು ಭಕ್ತಿಯ ಅಳತೆ. ಆದರೆ ಆ ಅಡುಗೆಮನೆಯ ಒಲೆಯು ಕಲ್ಯಾಣದ ಅರಮನೆಯಷ್ಟೇ ಪ್ರಸಿದ್ಧವಾಗಿದ್ದುದರಲ್ಲಿ ಸಂದೇಹವಿಲ್ಲ.

ಪಂಕ್ತಿಯು ಮೂರನೆಯ ಹೊಸ್ತಿಲು. ಯಾರ ಸಂಗಡ ಕುಳಿತು ಉಣ್ಣಬಹುದೆಂಬುದೇ ಅಂತಸ್ತಿನ ನಿಜವಾದ ಅಳತೆಗೋಲು. ಬಾಯಿಂದ ಸಮಾನತೆಯನ್ನು ಹೇಳುವವನೂ ತಟ್ಟೆಯ ಮುಂದೆ ಕುಳಿತಾಗ ತನ್ನ ಅಜ್ಜಿಯ ಮಾತನ್ನೇ ನೆನೆಯುವನು. ಬಸವಣ್ಣನವರು ಕೆಳಕುಲದವರೆನಿಸಿದ ಶರಣರನ್ನು ಕರೆದು ಉಣಿಸಿದುದಷ್ಟೇ ಆಗಿದ್ದರೆ ಅದು ದಾನವೆನಿಸುತ್ತಿದ್ದಿತು; ಉಣಿಸುವವನ ಕೈ ಮೇಲೆಯೇ ಉಳಿಯುತ್ತಿದ್ದಿತು. ಅವರು ಹೊಲೆಯನೆಂದು ದೂರವಿಡಲ್ಪಟ್ಟಿದ್ದ ಶರಣ ನಾಗಿದೇವನ ಮನೆಗೆ ತಾವೇ ಹೋಗಿ ಪ್ರಸಾದವನ್ನು ಸ್ವೀಕರಿಸಿದರು. ಅಗ್ರಹಾರದವರು ಇದರಿಂದ ಕುಪಿತರಾಗಿ ಅರಸನ ಬಳಿಗೆ ದೂರನ್ನು ಒಯ್ದರು. ಭಂಡಾರಿಯು ಹೊಲಗೇರಿಯಿಂದ ಬಂದು ಓಲಗದಲ್ಲಿ ಎಲ್ಲರೊಡನೆ ಬೆರೆತರೆ ಊರೆಲ್ಲವೂ ಕೆಟ್ಟಿತೆಂದು ಮೊರೆಯಿಟ್ಟರು. ಇದರ ಪರಿಹಾರವನ್ನು ಪುರಾಣಕಾರರು ಪವಾಡವಾಗಿ ವರ್ಣಿಸಿದ್ದಾರೆ. ಪವಾಡವು ಭಕ್ತರಿಗೆ ಸಂದದ್ದು. ಆದರೆ ಒಬ್ಬ ಮಂತ್ರಿಯು ದಲಿತನ ಒಲೆಯ ಮುಂದೆ ಕುಳಿತು ಉಂಡನೆಂಬುದೇ ಆ ಕಾಲಕ್ಕೆ ಸಾಲದೆ?

ಮನೆಯೊಳಗಿನ ಭೇದಗಳ ಬೇರು ಸೂತಕದಲ್ಲಿದೆಯೆಂಬುದನ್ನೂ ಶರಣರು ಕಂಡರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗವಂತರಿಗೆ ಸಲ್ಲವೆಂಬ ನಿಯಮವು ಹುಟ್ಟಿತು. ತಿಂಗಳಿನಲ್ಲಿ ಕೆಲವು ದಿನ ತನ್ನ ಮನೆಯಲ್ಲಿಯೇ ಹೊರಗಿನವಳಾಗುತ್ತಿದ್ದ ಹೆಂಗಸು ಲಿಂಗಪೂಜೆಯಿಂದ ದೂರವಾಗಬೇಕಾಗಿಲ್ಲ. ಮಗುವು ತನ್ನ ತಾಯಿಯನ್ನೇ ಮುಟ್ಟಬಾರದವಳೆಂದು ನೋಡಿ ಬೆಳೆದರೆ, ನೆರೆಯವನನ್ನು ಮುಟ್ಟಬಾರದವನೆಂದು ನಂಬುವುದು ಅದಕ್ಕೆ ಕಷ್ಟವೆ? ಅಸ್ಪೃಶ್ಯತೆಯ ಮೊದಲ ಪಾಠವು ಮನೆಯಲ್ಲಿಯೇ ನಡೆಯುವುದು. ಶರಣರು ಆ ಪಾಠವನ್ನು ಅಲ್ಲಿಯೇ ಅಳಿಸಲು ತೊಡಗಿದರು.

ಭಾಷೆಯ ವಿಷಯವೂ ಹೀಗೆಯೇ. ಶಾಸ್ತ್ರದ ಮಾತು ಕೆಲವೇ ಮನೆಗಳಲ್ಲಿ ಆಡಲ್ಪಡುತ್ತಿದ್ದಿತು. ಉಳಿದವರು ಕೇಳಿ ತಲೆದೂಗಬೇಕಾಗಿದ್ದಿತು. ಅಲ್ಲಮಪ್ರಭುದೇವರು ಅಧ್ಯಕ್ಷತೆ ವಹಿಸಿದ ಅನುಭವಮಂಟಪದ ಗೋಷ್ಠಿಯಲ್ಲಿ ಪರಶಿವತತ್ತ್ವವು ಅಡುಗೆಮನೆಯ, ಹೊಲದ, ಮಗ್ಗದ ಕನ್ನಡದಲ್ಲಿಯೇ ಚರ್ಚಿಸಲ್ಪಟ್ಟಿತು. ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರ ವಚನಗಳು ಇಂದಿಗೂ ಉಳಿದುಬಂದಿವೆ. ಬಸವಣ್ಣನವರ ವಚನಗಳೇ ಸುಮಾರು 1400 ದೊರೆತಿವೆ. ಅವುಗಳಲ್ಲಿ ಅವರು ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಹಿರಿಯರೆಂದು ಹೇಳಿಕೊಂಡು, ತಮ್ಮ ವಂಶಾವಳಿಯನ್ನೇ ಹೊಸದಾಗಿ ಬರೆದುಕೊಂಡಿರುವರು. ಮನೆತನದ ಹೆಮ್ಮೆಗೆ ಆಧಾರವಾದುದು ವಂಶಾವಳಿ. ಅದರ ಮೂಲದಲ್ಲಿಯೇ ಅಂಬಲಿಯನ್ನು ಶಿವನಿಗೆ ಉಣಿಸಿದ ಮಾದಾರನನ್ನು ಇರಿಸಿದ ಮೇಲೆ ಹೆಮ್ಮೆಗೆ ಎಡೆಯೆಲ್ಲಿ?

ಕಲ್ಯಾಣದ ವಿವಾಹ

ನಾಲ್ಕನೆಯ ಹೊಸ್ತಿಲು ವಿವಾಹದ್ದು. ಇದೇ ಕಟ್ಟಕಡೆಯದು, ಇದೇ ಅತ್ಯಂತ ಗಟ್ಟಿಯಾದುದು. ದೀಕ್ಷೆಯನ್ನು ಲೋಕವು ಸಹಿಸಿತು, ಕಾಯಕವನ್ನು ಸಹಿಸಿತು, ಪಂಕ್ತಿಯನ್ನು ಗೊಣಗುತ್ತ ಸಹಿಸಿತು. ಏಕೆಂದರೆ ಇವೆಲ್ಲವೂ ಒಬ್ಬ ಮನುಷ್ಯನ ಬಾಳಿನೊಂದಿಗೆ ಮುಗಿಯುವಂಥವು. ಮಕ್ಕಳು ಮತ್ತೆ ಹಳೆಯ ದಾರಿಗೆ ಬರಬಹುದೆಂಬ ಭರವಸೆಯು ಇದ್ದೇ ಇದ್ದಿತು. ವಿವಾಹವಾದರೋ ಮುಂದಿನ ಪೀಳಿಗೆಯನ್ನೇ ಬದಲಿಸುವುದು. ಬೆರೆತ ಮನೆಯಲ್ಲಿ ಹುಟ್ಟಿದ ಮಗುವಿಗೆ ಕುಲವನ್ನು ಹೇಳುವವರು ಯಾರು? ಆಸ್ತಿಯನ್ನೂ ಅಂತಸ್ತನ್ನೂ ಕಾಯುವ ಕೊನೆಯ ಬಾಗಿಲು ಇದಾದುದರಿಂದ ಲೋಕವು ಇಲ್ಲಿ ಕತ್ತಿಯನ್ನು ಹಿರಿಯಿತು.

ಸಮಗಾರ ಕುಲದಲ್ಲಿ ಹುಟ್ಟಿದ ಹರಳಯ್ಯನೂ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಮಧುವಯ್ಯನೂ ಲಿಂಗವಂತರಾಗಿ ಕಲ್ಯಾಣದಲ್ಲಿದ್ದರು. ಬಸವಣ್ಣನವರು ತನ್ನ ಶರಣಿಗೆ ಮಾರುತ್ತರವಾಗಿ ಎರಡು ಸಲ ಶರಣೆಂದ ಭಾರವನ್ನು ಇಳಿಸಿಕೊಳ್ಳಲು ಹರಳಯ್ಯನು ಪತ್ನಿ ಕಲ್ಯಾಣಮ್ಮನೊಡನೆ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಹೊಲಿದನೆಂಬ ಕಥೆಯು ಮನೆಮನೆಯಲ್ಲಿಯೂ ಕೇಳಿಬರುವುದು. ಮಧುವಯ್ಯನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟು ವಿವಾಹವು ನಡೆಯಿತು. ಹರಿಹರನ ರಗಳೆಯಲ್ಲಿ ಈ ವಿವಾಹದ ಪ್ರಸ್ತಾಪವಿಲ್ಲ. ಮುಂದಿನ ಕಾಲದ ಕೃತಿಗಳೂ ಪರಂಪರೆಯೂ ಇದನ್ನು ವಿಸ್ತಾರವಾಗಿ ಹೇಳುತ್ತವೆ. ವಧುವರರ ತಂದೆಗಳಿಬ್ಬರೂ ಶರಣರೇ ಆದುದರಿಂದ ಅದು ಶರಣಧರ್ಮದೊಳಗಿನ ಸಮಾನರ ಸಂಬಂಧವಾಗಿದ್ದಿತು. ಆದರೆ ಸಂಪ್ರದಾಯಸ್ಥರ ಕಣ್ಣಿಗೆ ಅವರಿಬ್ಬರೂ ಇನ್ನೂ ತಮ್ಮ ತಮ್ಮ ತಂದೆಗಳ ಮಕ್ಕಳೇ ಆಗಿದ್ದರು. ವರ್ಣಸಂಕರವಾಯಿತೆಂಬ ದೂರು ಬಿಜ್ಜಳನ ಓಲಗವನ್ನು ಮುಟ್ಟಿತು.

ಬಿಜ್ಜಳನು ಶಿಕ್ಷೆಯನ್ನು ವಿಧಿಸಿದನು. ಹರಳಯ್ಯ ಮಧುವಯ್ಯರ ಕಣ್ಣುಗಳನ್ನು ಕೀಳಿಸಿದರು. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರೆಂದು ಪರಂಪರೆಯು ಹೇಳುವುದು. ಎರಡು ಮನೆಗಳು ಒಂದಾದುದಕ್ಕೆ ಕಲ್ಯಾಣದ ಬೀದಿಯು ರಕ್ತದಿಂದ ತೊಯ್ದಿತು. ಶರಣರ ಒಂದು ಭಾಗವು ಕೆರಳಿತು. ಬಿಜ್ಜಳನು 1167ರಲ್ಲಿ ರಾಜ್ಯಭಾರವನ್ನು ಮಗನಿಗೆ ಬಿಟ್ಟನು. ಅವನು ಹತನಾದುದನ್ನು ಪುರಾಣಗಳು ಜಗದೇವ ಮೊದಲಾದ ಶರಣರ ಕೃತ್ಯವೆಂದು ಹೇಳುತ್ತವೆ. ಬಸವಣ್ಣನವರಿಗೆ ಹಿಂಸೆಯು ಸಮ್ಮತವಾಗಿರಲಿಲ್ಲ. ದಯೆಯನ್ನೇ ಧರ್ಮದ ಮೂಲವೆಂದು ಬೋಧಿಸಿದವರು ಸೇಡಿನ ಮುಂದಾಳಾಗಲಿಲ್ಲ. ಅವರು ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ಮರಳಿ, ಸುಮಾರು ಅದೇ ಕಾಲದಲ್ಲಿ ಅಲ್ಲಿ ಲಿಂಗೈಕ್ಯರಾದರು. ನೀಲಾಂಬಿಕೆಯು ಕೃಷ್ಣೆಯ ಆಚೆಯ ದಡದ ತಂಗಡಗಿಯಲ್ಲಿ ಐಕ್ಯಳಾದಳು. ಚೆನ್ನಬಸವಣ್ಣನವರೂ ಮಡಿವಾಳ ಮಾಚಿದೇವರೂ ಶರಣಸಮೂಹವನ್ನೂ ವಚನದ ಕಟ್ಟುಗಳನ್ನೂ ಕಾಯುತ್ತ, ಸೈನ್ಯವನ್ನು ಎದುರಿಸುತ್ತ, ಪಶ್ಚಿಮದ ಕಾಡಿನ ಉಳವಿಯ ಕಡೆಗೆ ನಡೆದರು. ಮಹಾಮನೆಯು ಬರಿದಾಯಿತು.

ಉಳಿದ ಮನೆ

ಹೊರನೋಟಕ್ಕೆ ಎಲ್ಲವೂ ಮುಗಿದಂತೆ ಕಂಡಿತು. ಆದರೆ ಕಲ್ಯಾಣದಿಂದ ಚದರಿದ ಶರಣರು ಹೋದ ಹೋದ ಊರುಗಳಲ್ಲಿ ಒಂದೊಂದು ಸಣ್ಣ ಮಹಾಮನೆಯನ್ನು ಹೂಡಿದರು. ತಾಳೆಯ ಗರಿಗಳು ಅಟ್ಟಗಳಲ್ಲಿ ಉಳಿದುವು. 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡೇಶ, ಜಕ್ಕಣಾರ್ಯ ಮೊದಲಾದವರೂ ನೂರೊಂದು ವಿರಕ್ತರೂ ವಚನಗಳನ್ನು ಸಂಕಲಿಸಿ ಉಳಿಸಿದರು. ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ರಚಿಸಿದನು. ಎಡೆಯೂರಿನ ತೋಂಟದ ಸಿದ್ಧಲಿಂಗೇಶ್ವರರು ಆ ಪರಂಪರೆಯನ್ನು ಮುಂದುವರಿಸಿದರು. ಫ. ಗು. ಹಳಕಟ್ಟಿಯವರು ಹಳ್ಳಿಹಳ್ಳಿಗಳನ್ನು ಅಲೆದು ಓಲೆಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಮುದ್ರಿಸಿದರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಸಂಗಮದ ಹೊಳೆಯಲ್ಲಿ ಮುಳುಗಿತೆಂದು ತಿಳಿದುದು ನಾಡೆಲ್ಲವೂ ಓದುವ ಗ್ರಂಥವಾಯಿತು.

ಆದರೆ ಸತ್ಯವನ್ನು ಮುಚ್ಚುವುದು ಚರಿತ್ರೆಗೆ ಒಪ್ಪದು. ಗ್ರಂಥವು ಉಳಿದಷ್ಟು ಸುಲಭವಾಗಿ ನಡೆಯು ಉಳಿಯಲಿಲ್ಲ. ಶರಣರ ಹೆಸರಿನ ಮುಂದೆ ಬಿರುದಾಗಿದ್ದ ಕಾಯಕವು ಕಾಲಕ್ರಮದಲ್ಲಿ ಮತ್ತೆ ಒಳಪಂಗಡದ ಹೆಸರಾಯಿತು. ಕುಲವನ್ನು ಕೇಳಬಾರದೆಂದು ಬೋಧಿಸಿದ ಧರ್ಮದ ಮನೆಗಳಲ್ಲಿಯೇ ಹೆಣ್ಣುಕೊಡುವಾಗ ಪಂಗಡವನ್ನು ಕೇಳುವ ರೂಢಿಯು ಬೆಳೆಯಿತು. ಲಿಂಗವು ಎದೆಯ ಮೇಲಿದ್ದಿತು, ಸೂತಕವು ಒಲೆಯ ಬಳಿಗೆ ತಿರುಗಿ ಬಂದಿತು. ಇದರಲ್ಲಿ ಅಚ್ಚರಿಯಿಲ್ಲ. ಮನೆಯ ರೂಢಿಯು ಹುಲ್ಲಿನ ಬೇರಿನಂತೆ. ಒಮ್ಮೆ ಕಿತ್ತರೆ ಸಾಲದು, ಪ್ರತಿ ಮಳೆಗಾಲದಲ್ಲಿಯೂ ಕೀಳಬೇಕು. ಬಸವಣ್ಣನವರು ಒಂದು ಪೀಳಿಗೆಯ ಹೊಲವನ್ನು ಹಸನುಮಾಡಿ ಕೊಟ್ಟರು. ಪ್ರತಿಯೊಂದು ಪೀಳಿಗೆಯೂ ತನ್ನ ಹೊಲವನ್ನು ತಾನೇ ಹಸನುಮಾಡತಕ್ಕದ್ದು.

ಆ ಕೃಷಿಯು ಪೂರ್ತಿಯಾಗಿ ನಿಂತುಹೋದುದೂ ಇಲ್ಲ. 20ನೆಯ ಶತಮಾನದಲ್ಲಿ ತುಮಕೂರಿನ ಸಿದ್ಧಗಂಗೆಯಂಥ ಅನೇಕ ಮಠಗಳು ಪ್ರಸಾದನಿಲಯಗಳನ್ನು ತೆರೆದು, ಅಕ್ಷರವಿಲ್ಲದ ಮನೆಗಳಿಂದ ಬಂದ ಮಕ್ಕಳನ್ನು ಕುಲವನ್ನೆಣಿಸದೆ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ ಅನ್ನವನ್ನೂ ವಿದ್ಯೆಯನ್ನೂ ನೀಡಿದುವು. ಹೊಲದಲ್ಲಿ ದುಡಿಯುವವನ ಮಗನಿಗೆ ಅವನ ಮನೆಯು ಕೊಡಲಾರದುದನ್ನು ಮಠವೆಂಬ ದೊಡ್ಡ ಮನೆಯು ಕೊಟ್ಟಿತು. ಅಗ್ರಹಾರದ ಗೋಡೆಯೊಳಗೆ ತಿರುಗುತ್ತಿದ್ದ ಚಕ್ರವನ್ನು ಬೀದಿಗೆ ತಂದ ಬಸವಣ್ಣನವರ ಕಾರ್ಯದ ಮುಂದುವರಿಕೆಯೇ ಇದು. ಜಾತ್ರೆ, ರಥೋತ್ಸವ, ಶಿಖರದ ಕಳಸಗಳಿಗಿಂತ ಆ ಮಕ್ಕಳ ಪಂಕ್ತಿಯೇ ಮಠಗಳಿಗೆ ಹೆಚ್ಚಿನ ಭೂಷಣವೆಂದು ಹೇಳಿದರೆ ತಪ್ಪಾಗದು.

ಶ್ರೀ ಬಸವೇಶ್ವರರ ಜಯಂತಿಯಂದು ಭಾವಚಿತ್ರದ ಮೆರವಣಿಗೆಯು ಬೀದಿಯಲ್ಲಿ ನಡೆಯುವುದು. ಅದು ಸಂತೋಷದ ವಿಷಯವೇ. ಮೆರವಣಿಗೆಯು ಮುಗಿದ ಮೇಲೆ ಭಕ್ತನು ಮನೆಗೆ ಹಿಂದಿರುಗಿ ಹೊಸ್ತಿಲನ್ನು ದಾಟುವಾಗ ಅವರ ನಿಜವಾದ ಚರಿತ್ರೆಯು ಆರಂಭವಾಗುವುದು. ಮಗುವಿನ ಕಿವಿಗೆ ಮೊದಲು ಬೀಳುವ ಮಾತು ಯಾವುದು, ದುಡಿದು ಬಂದವನಿಗೆ ನೀರು ಕೊಡುವ ಪಾತ್ರೆ ಯಾವುದು, ಮನೆಯ ಹೆಣ್ಣಿಗೆ ಪೂಜೆಯ ಕೋಣೆಯಲ್ಲಿ ಎಡೆಯಿದೆಯೆ, ಸಂಬಂಧವನ್ನು ಮಾಡುವಾಗ ಕೇಳುವ ಮೊದಲ ಪ್ರಶ್ನೆ ಯಾವುದು, ಈ ನಾಲ್ಕರಲ್ಲಿ ಅವರು ಉಳಿದರೆ ಮನೆಯು ಮಹಾಮನೆಯಾಗುವುದು. ಎಂಟು ಶತಮಾನಗಳ ಹಿಂದೆ ಹರಳಯ್ಯ ಮಧುವಯ್ಯರು ಕಣ್ಣುಗಳನ್ನು ತೆತ್ತು ತೆರೆದ ಬಾಗಿಲನ್ನು ಮುಚ್ಚದೆ ಕಾಯುವ ಭಾರವು ಶರಣರ ಸಂತತಿಯೆಂದು ಹೇಳಿಕೊಳ್ಳುವವರೆಲ್ಲರ ಮೇಲಿದೆ. ಆ ಭಾರವನ್ನು ಹೊರುವ ಶಕ್ತಿಯನ್ನು ಶ್ರೀ ಗುರುಬಸವಲಿಂಗನು ಭಕ್ತವೃಂದಕ್ಕೆ ದಯಪಾಲಿಸಲಿ.

ಮಂಗಳಮಸ್ತು.